ಚಟಾಕು, ಅಚ್ಚೇರು, ಮೆಗಾಬಿಟ್ಟು: ಹಳೆಯ ಡಿಸ್ಕಿನ ಹೊಸ ಲೆಕ್ಕ

"ಕಂಪ್ಯೂಟರ್ ಬಗ್ಗೆ ಏನಾದ್ರೂ ಬರೀರಿ, ಆದ್ರೆ ನಮ್ಮಮ್ಮನಿಗೂ ಅರ್ಥ ಆಗೋ ಹಾಗೆ ಬರೀರಿ" ಎಂದು ಸಂಪಾದಕರ ಅಪ್ಪಣೆಯಾಗಿದೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ನನ್ನಂಥವನಿಗೆ ಈ ಷರತ್ತಿನ ಎರಡನೆಯ ಭಾಗವೇ ಕಷ್ಟದ್ದು. ಆದರೂ ಪ್ರಯತ್ನಿಸುತ್ತೇನೆ.

ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನನ್ನನ್ನು ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಇದು: "ನಮ್ಮನೇಲಿ 100 ಎಂಬಿ ಇಂಟರ್ನೆಟ್ಟು ಹಾಕಿಸಿದೀವಿ. 100 ಎಂಬಿ ಇರೋ ವಿಡಿಯೋ ಒಂದು ಸೆಕೆಂಡಿಗೆ ಬರಬೇಕು ತಾನೆ? ಎಂಟೊಂಬತ್ತು ಸೆಕೆಂಡ್ ಯಾಕೆ ಹಿಡಿಯತ್ತೆ?" ಕಂಪನಿಯವರು ಮೋಸ ಮಾಡುತ್ತಿದ್ದಾರೆ ಎಂಬ ಗುಮಾನಿ ಪ್ರಶ್ನೆಯ ಹಿಂದೆಯೇ ಇರುತ್ತದೆ. ಇಲ್ಲಿ ಮೋಸವೇನೂ ಇಲ್ಲ. ಒಂದೇ ಹೆಸರಿನ ಹಿಂದೆ ಎರಡು ಅಳತೆಗಳು ಅಡಗಿವೆ, ಅಷ್ಟೆ. ನೆಟ್‌ವರ್ಕಿನವರು ಬಿಟ್‌ನಲ್ಲಿ ಅಳೆಯುತ್ತಾರೆ, ಡಿಸ್ಕಿನವರು ಬೈಟ್‌ನಲ್ಲಿ ಅಳೆಯುತ್ತಾರೆ. ಒಂದು ಬೈಟ್ ಅಂದರೆ ಎಂಟು ಬಿಟ್. 100 ಮೆಗಾಬಿಟ್ಟಿನ ಲೈನಿನಲ್ಲಿ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಮೆಗಾಬೈಟ್ ಮಾತ್ರ.

ಹಳೇ ಮೈಸೂರು ಸೀಮೆಯ ಅಜ್ಜಿಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅವರ ಅಡುಗೆಮನೆಯ ಅಳತೆಯೇ ಹಾಗಿತ್ತು. ಎರಡು ಚಟಾಕು ಸೇರಿದರೆ ಅರೆಪಾವು, ಎರಡು ಅರೆಪಾವು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಪ್ರತಿ ಮೆಟ್ಟಿಲಿಗೂ ಎರಡರಷ್ಟು. ಕಂಪ್ಯೂಟರಿನ ಲೆಕ್ಕವೂ ಇದೇ. ಎಂಟು ಚಟಾಕು ಸೇರಿ ಒಂದು ಅಚ್ಚೇರಾದ ಹಾಗೆ ಎಂಟು ಬಿಟ್ ಸೇರಿ ಒಂದು ಬೈಟ್. ಅಂಗಡಿಯವನು "ನೂರು" ಎಂದಾಗ ಚಟಾಕಿನಲ್ಲೋ ಅಚ್ಚೇರಿನಲ್ಲೋ ಎಂದು ಕೇಳದೆ ಯಾವ ಅಜ್ಜಿಯೂ ದುಡ್ಡು ಕೊಡುತ್ತಿರಲಿಲ್ಲ. ನಾವು ಕೇಳದೆ ಕೊಡುತ್ತಿದ್ದೇವೆ.

ಇಷ್ಟಕ್ಕೇ ಲೇಖನ ಮುಗಿಸಬಹುದಿತ್ತು. ಆದರೆ ಈ ಎಂಟರ ಮಗ್ಗಿಯ ಮೇಲೆ ನಮ್ಮವರೇ ಒಬ್ಬರ ಮನೆಯ ಮೂವತ್ತು ವರ್ಷದ ನೆನಪು ನಿಂತಿತ್ತು. ಆ ಕಥೆ ಹೇಳುತ್ತೇನೆ.

ಮೇಷ್ಟ್ರ ಡಿಸ್ಕು

ಹೆಸರು ಬೇಡ, ಮೇಷ್ಟ್ರು ಎನ್ನೋಣ. ನೈರೋಬಿಯ ಶಾಲೆಯೊಂದರಲ್ಲಿ ಮೂರು ದಶಕ ಗಣಿತ ಪಾಠ ಮಾಡಿದವರು. ಕಿಲೆಲೆಶ್ವಾದ ಒಂಟಿ ಬಂಗಲೆಗಳು ಒಂದೊಂದಾಗಿ ಉರುಳಿ ಆ ಜಾಗದಲ್ಲಿ ಹತ್ತು ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟುಗಳು ಎದ್ದದ್ದನ್ನೆಲ್ಲ ಕಣ್ಣಾರೆ ಕಂಡವರು. ನಿವೃತ್ತಿಯಾಯಿತು, ಮಗಳು ಮೈಸೂರಿನಲ್ಲಿ ನೆಲೆಸಿದ್ದಾಳೆ, ಇನ್ನು ಊರಿಗೆ ಹೊರಡುವುದೇ ಸರಿ ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಭಾನುವಾರ ರಾತ್ರಿಯ ವಿಮಾನ, ಮುಂಬಯಿ ಮಾರ್ಗವಾಗಿ. ಗುರುವಾರ ಸಂಜೆ ನನಗೆ ಫೋನು ಬಂತು.

"ನೋಡಪ್ಪಾ, ಹಳೇ ಕಂಪ್ಯೂಟರನ್ನ ಗುಜರಿಗೆ ಕೊಡ್ತಾ ಇದೀವಿ. ಅದರೊಳಗಿನ ಫೋಟೋ ವಿಡಿಯೋ ಎಲ್ಲ ಮಗಳಿಗೆ ಇಂಟರ್ನೆಟ್ಟಲ್ಲಿ ಕಳಿಸಿಬಿಡು. ಶನಿವಾರ ಮಧ್ಯಾಹ್ನ ಲೈನು ಕಟ್ ಮಾಡ್ತಾರೆ, ಅಷ್ಟರೊಳಗೆ ಆಗಬೇಕು."

ಹೋಗಿ ನೋಡಿದೆ. ಡಬ್ಬದೊಳಗಿದ್ದದ್ದು 160 ಜಿಬಿಯ ಐಡಿಇ ಡಿಸ್ಕು. ಅಗಲವಾದ ಬೂದು ಬಣ್ಣದ ಪಟ್ಟಿಯಂಥ ಕೇಬಲ್ಲು, ನಾಲ್ವತ್ತು ಪಿನ್ನು. ಈಗಿನ ಮಕ್ಕಳು ಇದನ್ನು ಕಂಡೇ ಇರಲಿಕ್ಕಿಲ್ಲ. ಅದರ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ಮಿನಿಡಿವಿ ಕ್ಯಾಸೆಟ್ಟುಗಳು, ಒಂದು ಹ್ಯಾಂಡಿಕ್ಯಾಮು. ಮೇಷ್ಟ್ರ ಮನೆಯವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುವುದು. ಅವರು ಕಾಫಿ ಲೋಟ ಕೈಗಿಡುತ್ತಾ ಮೆಲ್ಲಗೆ ಹೇಳಿದರು: "ನಮ್ಮಮ್ಮ 2006ರಲ್ಲಿ ಇಲ್ಲಿಗೆ ಬಂದಿದ್ರು. ಈ ಜಗುಲೀಲೇ ಕೂತ್ಕೊಂಡು ಹಸೆ ಹಾಡೆಲ್ಲ ಹೇಳಿದ್ರು. ಅದು ಇದರಲ್ಲಿ ಮಾತ್ರ ಇರೋದು. ಅವರ ದನಿ ಬೇರೆ ಎಲ್ಲೂ ಇಲ್ಲಪ್ಪಾ."

ಆ ಡಿಸ್ಕು ತಿರುಗುವಾಗ ನಡುನಡುವೆ ಟಿಕ್ ಟಿಕ್ ಎನ್ನುತ್ತಿತ್ತು. ಡಿಸ್ಕಿನ ಒಳಗಿನ ಓದುವ ತಲೆ ದಾರಿ ತಪ್ಪಿ ಮತ್ತೆ ಮತ್ತೆ ಹಿಂದಿರುಗುವ ಸದ್ದು ಅದು. ಇಂಥ ಡಿಸ್ಕನ್ನು ಎಷ್ಟು ಕಡಿಮೆ ಹೊತ್ತು ಓಡಿಸುತ್ತೇವೋ ಅಷ್ಟು ಒಳ್ಳೆಯದು. ಹೀಗಾಗಿ ಲೆಕ್ಕ ಮೊದಲು, ಕೆಲಸ ಆಮೇಲೆ ಎಂದು ಮೇಷ್ಟ್ರ ಊಟದ ಮೇಜಿನ ಮೇಲೆ ಕಾಗದ ಪೆನ್ಸಿಲ್ ಹಿಡಿದು ಇಬ್ಬರೂ ಕುಳಿತೆವು.

ಹೆಸರಿನಲ್ಲೇ ಮೆಗಾಬೈಟು

ಡಿಸ್ಕಿನ ಮೇಲಿನ ಚೀಟಿಯಲ್ಲಿ ಅಲ್ಟ್ರಾ ಎಟಿಎ 133 ಎಂದಿತ್ತು. ಹಳೆಯ ಕಾಲದ ಸಾಧನಗಳಲ್ಲಿ ಒಂದು ಅನುಕೂಲವಿದೆ. ವೇಗವನ್ನು ಹೆಸರಿನಲ್ಲೇ ಬರೆದುಕೊಂಡು ಓಡಾಡುತ್ತವೆ. 33, 66, 100, 133, ಇವೆಲ್ಲ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂದು. ಎಂಟರಿಂದ ಗುಣಿಸಿದರೆ ನೆಟ್‌ವರ್ಕಿನ ಭಾಷೆಗೆ ಬರುತ್ತದೆ. 133ನ್ನು ಎಂಟರಿಂದ ಗುಣಿಸಿ: 1064 ಮೆಗಾಬಿಟ್.

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. "ತಾಳಪ್ಪಾ. ನಮ್ಮನೆ ಇಂಟರ್ನೆಟ್ಟು 20 ಮೆಗಾಬಿಟ್ಟು. ಅಂದ್ರೆ ಈ ಹಳೇ ಡಬ್ಬದ ತಂತಿ ಅದಕ್ಕಿಂತ ಐವತ್ತು ಪಟ್ಟು ಜಾಸ್ತಿ ಓಡತ್ತಾ?"

ಓಡುತ್ತದೆ, ಕಾಗದದ ಮೇಲೆ. ಇವತ್ತು ಕಚೇರಿಗಳಲ್ಲಿ ಇರುವ ಗಿಗಾಬಿಟ್ ಈಥರ್ನೆಟ್ಟಿನ ವೇಗ 1000 ಮೆಗಾಬಿಟ್. ಅದಕ್ಕಿಂತಲೂ ಈ ಬೂದು ಪಟ್ಟಿ ಒಂದು ಕೈ ಮೇಲೆ. ಮೊಳ ಉದ್ದದ ತಂತಿಯಲ್ಲಿ ಸಿಗುವ ವೇಗವನ್ನು ಸಮುದ್ರ ದಾಟಿಸುವುದು ಎಷ್ಟು ಕಷ್ಟ ಎಂಬುದು ಇದರಿಂದ ಗೊತ್ತಾಗುತ್ತದೆ. ಹಳೆಯ ಹೆಸರುಗಳನ್ನೆಲ್ಲ ಅವತ್ತು ಒಂದೇ ಅಳತೆಗೆ ತಂದು ಬರೆದ ಪಟ್ಟಿ ಇಲ್ಲಿದೆ. ಎಲ್ಲವೂ ಸೆಕೆಂಡಿಗೆ, ಎಲ್ಲವೂ ಮೆಗಾಬಿಟ್ಟಿನಲ್ಲಿ, ಎಲ್ಲವೂ ಗರಿಷ್ಠ.

ಡಯಲಪ್ ಮೋಡೆಮ್: 0.056
ಮೂರೂವರೆ ಇಂಚಿನ ಫ್ಲಾಪಿ: 0.5
ಸಿಡಿ, ಒಂದು ಪಟ್ಟಿನ ವೇಗ: ಸುಮಾರು 1.2
ಡಿವಿಡಿ, ಒಂದು ಪಟ್ಟಿನ ವೇಗ: ಸುಮಾರು 11
ಮೊದಲ ಯುಎಸ್‌ಬಿ: 12
ಮೊದಲ ಸ್ಕಸಿ, ಅಂದರೆ 5 ಮೆಗಾಬೈಟ್: 40
ಅಲ್ಟ್ರಾ ಎಟಿಎ 33: 266
ಯುಎಸ್‌ಬಿ 2: 480
ಅಲ್ಟ್ರಾ ಎಟಿಎ 133: 1064
ಮೊದಲ ಸಾಟಾ: 1200
ಅಲ್ಟ್ರಾ 320 ಸ್ಕಸಿ: 2560
ಮೂರನೆಯ ಸಾಟಾ: 4800

ಪಟ್ಟಿಯನ್ನು ಉಲ್ಟಾ ಓದಿದರೂ ತಮಾಷೆಯಾಗಿದೆ. ಮೇಷ್ಟ್ರ 20 ಮೆಗಾಬಿಟ್ ಲೈನು ಸಿಡಿಯ ಲೆಕ್ಕದಲ್ಲಿ 16 ಪಟ್ಟಿನ ಡ್ರೈವು. ಹಿಂದೆ ಅಂಗಡಿಯವರು 52 ಪಟ್ಟಿನ ಸಿಡಿ ಡ್ರೈವು ಎಂದು ಹೊಗಳಿ ಮಾರುತ್ತಿದ್ದರಲ್ಲ, ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. 100 ಮೆಗಾಬಿಟ್ಟಿನ ಲೈನು ಇರುವವರು ತಮ್ಮ ಮನೆಗೆ 9 ಪಟ್ಟಿನ ಡಿವಿಡಿ ಡ್ರೈವು ಸಮುದ್ರದಾಚೆಯಿಂದ ಬಂದಿದೆ ಎಂದುಕೊಳ್ಳಬಹುದು.

ಎಂಟೋ ಹತ್ತೋ?

ಪಟ್ಟಿಯನ್ನು ನೋಡಿ ಜಾಣ ಓದುಗರು ಒಂದು ತಕರಾರು ತೆಗೆಯಬೇಕು. ಮೊದಲ ಸಾಟಾ ಡಿಸ್ಕಿನ ಮೇಲೆ 1.5 ಗಿಗಾಬಿಟ್ ಎಂದು ಬರೆದಿರುತ್ತದೆ. ಅಂದರೆ 1500. ಪಟ್ಟಿಯಲ್ಲಿ 1200 ಹೇಗಾಯಿತು?

ಹಳೆಯ ಐಡಿಇ ಕೇಬಲ್ಲಿನಲ್ಲಿ ಹದಿನಾರು ತಂತಿಗಳಲ್ಲಿ ಹದಿನಾರು ಬಿಟ್‌ಗಳು ಒಟ್ಟಿಗೆ ಹೊರಡುತ್ತವೆ. "ಈಗ ಓದಿಕೋ" ಎಂದು ಹೇಳಲು ಪಕ್ಕದಲ್ಲೇ ಬೇರೊಂದು ತಂತಿ ಇರುತ್ತದೆ. ವೇಗ ಹೆಚ್ಚಿದಂತೆ ಈ ಹದಿನಾರೂ ಒಂದೇ ಕ್ಷಣದಲ್ಲಿ ಗುರಿ ಮುಟ್ಟುವುದು ಕಷ್ಟವಾಯಿತು. ಅಕ್ಕಪಕ್ಕದ ತಂತಿಗಳು ಒಂದನ್ನೊಂದು ಕೆಣಕತೊಡಗಿದವು. 66 ಮತ್ತು ಅದರ ಮೇಲಿನ ವೇಗಗಳಿಗೆ ನಡುನಡುವೆ ಬೇಲಿಯ ಹಾಗೆ ಇನ್ನೂ ನಾಲ್ವತ್ತು ಭೂಸ್ಪರ್ಶ ತಂತಿಗಳನ್ನು ಸೇರಿಸಿ ಎಂಬತ್ತು ಮಾಡಿದರು. ಅದಕ್ಕೂ ಒಂದು ಮಿತಿ ಬಂದಾಗ ಸಾಲಾಗಿ ಕಳಿಸುವ ದಾರಿ ಹಿಡಿದರು. ಹೊರಗೆ ಹೋಗಲು ಒಂದು ಜೊತೆ ತಂತಿ, ಒಳಗೆ ಬರಲು ಇನ್ನೊಂದು ಜೊತೆ. ಬಿಟ್‌ಗಳು ಒಂದರ ಹಿಂದೆ ಒಂದು, ಆದರೆ ಮಿಂಚಿನ ವೇಗದಲ್ಲಿ.

ಈಗ ಪಕ್ಕದಲ್ಲಿ ಎಣಿಕೆ ಹೇಳುವ ತಂತಿ ಇಲ್ಲ. ನಮ್ಮ ಸಂಗೀತದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಕ್ಕದಲ್ಲಿ ತಾಳ ಹಾಕುವವರು ಇಲ್ಲದಾಗ ಹಾಡಿನ ನಡೆಯಲ್ಲೇ ತಾಳ ಕೇಳಿಸಬೇಕು. ಐವತ್ತು ಸೊನ್ನೆಗಳು ಒಟ್ಟಿಗೆ ಬಂದರೆ ಅದು ಉದ್ದನೆಯ ಮೌನ. ಕೇಳುವವನಿಗೆ ಐವತ್ತೋ ಐವತ್ತೊಂದೋ ಎಂದು ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ಪ್ರತಿ ಎಂಟು ಬಿಟ್‌ಗಳನ್ನು ಹತ್ತು ಬಿಟ್‌ಗಳ ಒಂದು ಸಂಕೇತವಾಗಿ ಬದಲಿಸಿ ಕಳಿಸುತ್ತಾರೆ. ಅಂಥ ಸಂಕೇತದಲ್ಲಿ ಸೊನ್ನೆ ಒಂದುಗಳು ಸಾಕಷ್ಟು ಸಲ ಅದಲುಬದಲಾಗುತ್ತವೆ, ತಾಳ ತಪ್ಪುವುದಿಲ್ಲ. ಐಬಿಎಂನ ವಿಡ್ಮರ್ ಮತ್ತು ಫ್ರಾನಸ್ಜೆಕ್ ಎಂಬ ಇಬ್ಬರು 1983ರಲ್ಲಿ ಪ್ರಕಟಿಸಿದ ಉಪಾಯ ಇದು. ಹತ್ತು ಬಿಟ್ ಓಡಿದರೆ ಎಂಟು ಬಿಟ್ ಮಾತ್ರ ನಮ್ಮ ಸರಕು. 1500ರಲ್ಲಿ 1200 ಉಳಿಯುವುದು ಹೀಗೆ.

ಆದ್ದರಿಂದ ಮನೆಯ ಲೆಕ್ಕಕ್ಕೆ ಮೂರು ಸೂತ್ರ ಸಾಕು. ಐಡಿಇ, ಸ್ಕಸಿ ಎಂಬ ಹಳೆಯವುಗಳ ಹೆಸರಿನ ಅಂಕಿ ಮೆಗಾಬೈಟು, ಎಂಟರಿಂದ ಗುಣಿಸಿ. ಸಾಟಾ ಮತ್ತು ಮೊದಲ ಯುಎಸ್‌ಬಿ 3ರ ಅಂಕಿ ತಂತಿಯ ಮೇಲಿನ ಬಿಟ್ಟು, ಮೆಗಾಬೈಟ್ ಬೇಕೆಂದರೆ ಹತ್ತರಿಂದ ಭಾಗಿಸಿ. ಈಥರ್ನೆಟ್ಟಿನ ಅಂಕಿಯೂ ಬಿಟ್ಟೇ, ಆದರೆ ಸಂಕೇತದ ಖರ್ಚನ್ನು ಕಳೆದ ಮೇಲಿನ ಅಂಕಿ, ಎಂಟರಿಂದ ಭಾಗಿಸಿ. 100 ಮೆಗಾಬಿಟ್ ಈಥರ್ನೆಟ್ಟಿನ ತಾಮ್ರದ ತಂತಿಯ ಮೇಲೆ ನಿಜವಾಗಿ ಓಡುವುದು 125. ಅವರು ಅದನ್ನು ಹೇಳಿಕೊಳ್ಳುವುದಿಲ್ಲ. ಡಿಸ್ಕಿನವರು ಹೇಳಿಕೊಳ್ಳುತ್ತಾರೆ.

ಇನ್ನೊಂದು ಚಿಕ್ಕ ಗೊಂದಲ. ಮೇಷ್ಟ್ರ ಡಿಸ್ಕಿನ ಮೇಲೆ 160 ಜಿಬಿ, ಪರದೆಯಲ್ಲಿ 149 ಜಿಬಿ. "ಹನ್ನೊಂದು ಜಿಬಿ ಯಾರು ತಿಂದ್ರು?" ಎಂದು ಮೇಷ್ಟ್ರು ಕೇಳಿದರು. ಯಾರೂ ತಿಂದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಹಳ್ಳಿಗಳಲ್ಲಿ ಊರಿಗೊಂದು ಸೇರು ಇದ್ದ ಹಾಗೆ. ಈ ಜಗಳ ಬಿಡಿಸಲು 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನೇ ಇಟ್ಟರು. ಬಳಸುವವರು ಕಡಿಮೆ. ಫ್ಲಾಪಿಯ 1.44 ಎಂಬಿಯಂತೂ ಎರಡೂ ಅಲ್ಲ. ಅದು 1440ನ್ನು 1024ರಿಂದ ಗುಣಿಸಿದ್ದು, ಅರ್ಧ ಆ ಸೇರು, ಅರ್ಧ ಈ ಸೇರು.

ಕೊಳಾಯಿ ದೊಡ್ಡದು, ನೀರು ಸಣ್ಣದು

ಸರಿ, ಕೇಬಲ್ಲು 1064. ಡಿಸ್ಕಿನಿಂದ ಅಷ್ಟು ಬರುತ್ತದೆಯೇ? ಇಲ್ಲ. 133 ಎಂಬುದು ಕೊಳಾಯಿಯ ಅಗಲ. ಒಳಗೆ ತಿರುಗುವ ತಟ್ಟೆಯಿಂದ ತಲೆ ಎಷ್ಟು ಬೇಗ ಓದುತ್ತದೆ ಎಂಬುದು ನೀರು. ಆ ಕಾಲದ ಡಿಸ್ಕುಗಳಲ್ಲಿ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ 50, 60 ಮೆಗಾಬೈಟ್ ಬಂದರೆ ಒಳ ಅಂಚಿನಲ್ಲಿ ಅದರ ಅರ್ಧ. ಹೊರ ಸುತ್ತು ಉದ್ದ, ಒಳ ಸುತ್ತು ಗಿಡ್ಡ, ತಿರುಗುವ ವೇಗ ಮಾತ್ರ ಒಂದೇ. ಅದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಲು ಲುಥುಲಿ ಅವೆನ್ಯೂದ ಒಂದು ಪುಟ್ಟ ಅಂಗಡಿಯಲ್ಲಿ ಹಿಂದೆ ಕೊಂಡಿಟ್ಟಿದ್ದ ಅಡಾಪ್ಟರು ಯುಎಸ್‌ಬಿ 2ರದ್ದು. ಅದರ ಹೆಸರಿನ ವೇಗ 480 ಮೆಗಾಬಿಟ್, ಅಂದರೆ 60 ಮೆಗಾಬೈಟು. ಕೈಗೆ ಹತ್ತುವುದು 30ರ ಆಸುಪಾಸು. ಅವತ್ತು ಪರದೆಯಲ್ಲಿ ಕಂಡದ್ದು 28.

160 ಜಿಬಿಯನ್ನು 28ರಿಂದ ಭಾಗಿಸಿದರೆ 5714 ಸೆಕೆಂಡು, ಒಂದು ಗಂಟೆ ಮೂವತ್ತೈದು ನಿಮಿಷ. ಡಿಸ್ಕು ಮುದಿಯಾದ್ದರಿಂದ ಅದರ ಎರಡರಷ್ಟು ಇಟ್ಟುಕೊಳ್ಳೋಣ ಎಂದೆ.

ಕ್ಯಾಸೆಟ್ಟುಗಳ ಕಥೆ ಬೇರೆ. ಮಿನಿಡಿವಿ ಟೇಪು ಫೈರ್‌ವೈರ್ ಎಂಬ ಕಿಂಡಿಯಿಂದ ಬರುತ್ತದೆ. ಆ ಕಿಂಡಿಯ ಹೆಸರಿನ ವೇಗ 400 ಮೆಗಾಬಿಟ್. ಆದರೆ ಟೇಪು ಓಡುವುದು ಟೇಪಿನ ವೇಗದಲ್ಲೇ. ಚಿತ್ರಕ್ಕೆ 25 ಮೆಗಾಬಿಟ್ಟು, ದನಿ ಇತ್ಯಾದಿ ಸೇರಿ 29ರ ಹತ್ತಿರ, ಸೆಕೆಂಡಿಗೆ 3.6 ಮೆಗಾಬೈಟು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಬೇಕೇ ಬೇಕು, ಕೈಗೆ ಬರುವುದು 13 ಜಿಬಿ. ಒಂಬತ್ತು ಟೇಪಿಗೆ ಒಂಬತ್ತು ಗಂಟೆ, 117 ಜಿಬಿ. "ಹಾರಾಕಾ ಹಾರಾಕಾ ಹೈನಾ ಬಾರಾಕಾ" ಎಂದು ಸ್ವಾಹಿಲಿಯಲ್ಲಿ ಹೇಳುತ್ತಾರಲ್ಲ, ಅವಸರಕ್ಕೆ ಆಶೀರ್ವಾದವಿಲ್ಲ ಎಂದು, ಟೇಪಿಗೆ ಅದು ಅಕ್ಷರಶಃ ಸತ್ಯ.

ಕಡಲಾಚೆಗೆ ಎಷ್ಟು ಹೊತ್ತು?

ಒಟ್ಟು ಸರಕು 277 ಜಿಬಿ. ಎಂಟರಿಂದ ಗುಣಿಸಿದರೆ 22,16,000 ಮೆಗಾಬಿಟ್. 20ರಿಂದ ಭಾಗಿಸಿದರೆ 1,10,800 ಸೆಕೆಂಡು, ಅಂದರೆ ಸುಮಾರು 31 ಗಂಟೆ. ಪ್ರತಿ ಪೊಟ್ಟಣಕ್ಕೂ ವಿಳಾಸ, ರಸೀದಿ ಎಂದು ಒಂದಿಷ್ಟು ಖರ್ಚಾಗುತ್ತದೆ, ಲೈನಿನ ಏರಿಳಿತವೂ ಇದೆ. ನೂರಕ್ಕೆ 85 ಮಾತ್ರ ಕೈಗೆ ಸಿಗುತ್ತದೆ ಎಂದುಕೊಂಡರೆ 36 ಗಂಟೆ. ಗುರುವಾರ ಮಧ್ಯರಾತ್ರಿ ಶುರುಮಾಡಿದರೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮುಗಿಯುತ್ತದೆ. ಲೈನು ಕತ್ತರಿಸುವುದೂ ಆಗಲೇ. ನಡುವೆ ಅರ್ಧ ಗಂಟೆ ಕರೆಂಟು ಹೋದರೂ ಆಟ ಮುಗಿಯಿತು.

ಇದು ಮೇಷ್ಟ್ರ ಲೈನಿನ ದೋಷವಲ್ಲ. 2009ರ ಜೂನ್‌ನಲ್ಲಿ ಟೀಮ್ಸ್ ಎಂಬ ಕಡಲಡಿಯ ಕೇಬಲ್ಲು ಸಂಯುಕ್ತ ಅರಬ್ ಎಮಿರೇಟ್ಸ್‌ನ ಫುಜೈರಾದಿಂದ ಮೊಂಬಾಸಾ ಮುಟ್ಟುವವರೆಗೆ, ಜುಲೈನಲ್ಲಿ ಸೀಕಾಮ್ ಕೇಬಲ್ಲು ಚಾಲೂ ಆಗುವವರೆಗೆ ಕೀನ್ಯಾ ಹೊರಜಗತ್ತಿನೊಂದಿಗೆ ಮಾತಾಡುತ್ತಿದ್ದದ್ದು ಉಪಗ್ರಹದ ಮೂಲಕ. ಭೂಸ್ಥಿರ ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ. ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡು. ಆಗಿನ ಫೋನ್ ಕರೆಗಳಲ್ಲಿ ಅಪ್ಪ ಅಮ್ಮನ ಮಾತು ನಮ್ಮ ಮಾತಿನ ಮೇಲೆ ಬಂದು ಬೀಳುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಈಗ ಎಳೆಗಳು ಹಲವು ಇವೆ. ಆದರೂ ಎಳೆ ಎಳೆಯೇ. 2012ರ ಫೆಬ್ರವರಿಯಲ್ಲಿ ಮೊಂಬಾಸಾದ ಹತ್ತಿರ ಹಡಗೊಂದರ ಲಂಗರು ಟೀಮ್ಸ್ ಕೇಬಲ್ಲನ್ನೇ ಕತ್ತರಿಸಿತು. 2024ರ ಮೇ 12ರಂದು ಸೀಕಾಮ್ ಮತ್ತು ಈಸಿ ಕೇಬಲ್ಲುಗಳೆರಡೂ ಒಟ್ಟಿಗೆ ಕೆಟ್ಟು ಇಡೀ ಪೂರ್ವ ಆಫ್ರಿಕಾದ ಇಂಟರ್ನೆಟ್ಟು ತೆವಳಿತು.

ದೂರವೂ ಒಂದು ಸುಂಕ ಕೇಳುತ್ತದೆ. ನೈರೋಬಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 4,800 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಏನಿಲ್ಲವೆಂದರೂ 48 ಮಿಲಿಸೆಕೆಂಡ್. ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ನೂರು ಎಂದುಕೊಳ್ಳೋಣ. ಹಳೆಯ ವ್ಯವಸ್ಥೆಗಳು ರಸೀದಿ ಬರುವ ಮುನ್ನ ಸಾಮಾನ್ಯವಾಗಿ 64 ಕಿಲೋಬೈಟಿಗಿಂತ ಹೆಚ್ಚು ಕಳಿಸುತ್ತಿರಲಿಲ್ಲ. ಸೆಕೆಂಡಿಗೆ ಹತ್ತು ರಸೀದಿ, ಅಂದರೆ ಐದು ಮೆಗಾಬಿಟ್ ಚಿಲ್ಲರೆ. ಲೈನು ಎಷ್ಟೇ ದಪ್ಪವಿದ್ದರೂ ಅಷ್ಟೇ. ಮೇಷ್ಟ್ರ ಹಳೆಯ ಕಂಪ್ಯೂಟರಿನಿಂದಲೇ ಕಳಿಸಲು ಕುಳಿತಿದ್ದರೆ 36 ಗಂಟೆಯ ಕೆಲಸಕ್ಕೆ ಐದು ದಿನವೇ ಬೇಕಾಗುತ್ತಿತ್ತು. ಈಗಿನ ಕಂಪ್ಯೂಟರುಗಳು ಈ ಕಿಟಕಿಯನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ.

ಪಾರಿವಾಳ ಮತ್ತು ಕೈಚೀಲ

ಆಗ ಮೇಷ್ಟ್ರು ಗಣಿತದವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. "ಅಲ್ಲಯ್ಯಾ, ನಾನು ಹೆಂಗೂ ಹೋಗ್ತಾ ಇದೀನಲ್ಲ. ನನ್ನ ವೇಗ ಎಷ್ಟು ಮೆಗಾಬಿಟ್ಟು?"

ಇದಕ್ಕೆ ನಮ್ಮ ಖಂಡದಲ್ಲೇ ಒಂದು ಪ್ರಸಿದ್ಧ ಪ್ರಯೋಗ ನಡೆದಿದೆ. 2009ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಯೊಂದು ಇಂಟರ್ನೆಟ್ಟಿನ ನಿಧಾನಕ್ಕೆ ಬೇಸತ್ತು ವಿನ್ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿಯ ಮೆಮೊರಿ ಕಾರ್ಡು ಕಟ್ಟಿ ಹಾರಿಸಿತು. ಹಾವಿಕ್‌ನಿಂದ ಡರ್ಬನ್ ಹತ್ತಿರದ ಹಿಲ್‌ಕ್ರೆಸ್ಟ್‌ಗೆ. ಹಾರಾಟ ಒಂದು ಗಂಟೆ ಎಂಟು ನಿಮಿಷ. ಕಾರ್ಡಿನಿಂದ ಇಳಿಸಿಕೊಂಡದ್ದೂ ಸೇರಿ ಎರಡು ಗಂಟೆ ಏಳು ನಿಮಿಷ. ಅಷ್ಟು ಹೊತ್ತಿನಲ್ಲಿ ಎಡಿಎಸ್‌ಎಲ್ ಲೈನು ನೂರಕ್ಕೆ ನಾಲ್ಕು ಭಾಗ ಮಾತ್ರ ಕಳಿಸಿತ್ತು. ನಮ್ಮ ಸೂತ್ರದಲ್ಲಿ ವಿನ್ಸ್ಟನ್ನನ ವೇಗ 4.2 ಮೆಗಾಬಿಟ್, ಲೈನಿನದು 0.17.

ಮೇಷ್ಟ್ರದೂ ಹಾಗೇ ಲೆಕ್ಕ ಹಾಕಿದೆವು. ಕಿಲೆಲೆಶ್ವಾದ ಬಾಗಿಲಿನಿಂದ ಮಗಳ ಮನೆಯ ಬಾಗಿಲಿಗೆ, ಮುಂಬಯಿಯ ಕಾಯುವಿಕೆಯೂ ಸೇರಿ, 18 ಗಂಟೆ ಎನ್ನಿ. 64,800 ಸೆಕೆಂಡು. 277 ಜಿಬಿ ಕೈಚೀಲದಲ್ಲಿದ್ದರೆ 34 ಮೆಗಾಬಿಟ್. ಅವರ ಲೈನಿನ ಒಂದೂಮುಕ್ಕಾಲು ಪಟ್ಟು. ಅದೇ ಕೈಚೀಲದಲ್ಲಿ ಎರಡು ಟಿಬಿಯ ಡಿಸ್ಕು ತುಂಬಾ ತುಂಬಿದ್ದರೆ 247 ಮೆಗಾಬಿಟ್. ಮೇಷ್ಟ್ರಿಗೆ ಬಹಳ ಖುಷಿಯಾಯಿತು. "ನಿದ್ದೆ ಮಾಡ್ಕೊಂಡೇ ಇಷ್ಟು ವೇಗ!" ಎಂದರು.

ಆದರೆ ಕೈಚೀಲದ ಮೊದಲ ಬೈಟು ಮುಟ್ಟಲು ಹದಿನೆಂಟು ಗಂಟೆ. ಲೈನಿನ ಮೊದಲ ಬೈಟಿಗೆ ರೆಪ್ಪೆ ಹೊಡೆಯುವಷ್ಟು ಹೊತ್ತೂ ಬೇಡ. ಎಷ್ಟು ಸರಕು ಎಂಬುದು ಬೇರೆ, ಎಷ್ಟು ಬೇಗ ಎಂಬುದು ಬೇರೆ. ಅದಲ್ಲದೆ ಕೈಚೀಲ ಕಳೆಯಬಹುದು, ಬೀಳಬಹುದು. ಇರುವುದೊಂದೇ ಪ್ರತಿ ಎನ್ನುವಾಗ ಅದನ್ನು ಯಾವ ಒಂದು ದಾರಿಗೂ ಒಪ್ಪಿಸಬಾರದು. ಎರಡು ದಾರಿಯನ್ನೂ ಹಿಡಿಯೋಣ ಎಂದು ತೀರ್ಮಾನವಾಯಿತು.

ಗುರುವಾರ ರಾತ್ರಿ ಡಿಸ್ಕನ್ನು ಅಡಾಪ್ಟರಿಗೆ ಹಾಕಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇದ್ದದ್ದು ಇದ್ದ ಹಾಗೆ ನಕಲಿಸಿದೆ. ಅದರ ಗುಣವೆಂದರೆ ಓದಲು ಬಾರದ ಜಾಗದಲ್ಲಿ ಹಠ ಹಿಡಿದು ಕೂರದೆ ಮುಂದಕ್ಕೆ ಹಾರಿ ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮರಳುತ್ತದೆ. ಎರಡೂಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಮಲಗಲು ಹೋಗಲೇ ಇಲ್ಲ. ಕೊನೆಗೆ ಓದಲು ಬಾರದೆ ಉಳಿದದ್ದು ಕೆಲವೇ ಚೂರು. ಹಾಡಿನ ಫೈಲು ಅದರಲ್ಲಿರಲಿಲ್ಲ.

ಶುಕ್ರವಾರ ಇಡೀ ಹಗಲು ಟೇಪುಗಳು ಒಂದೊಂದಾಗಿ ಓಡಿದವು. ಮೂಲ ವಿಡಿಯೋಗಳನ್ನು ಹಾಗೇ ಉಳಿಸಿ, ಸೆಕೆಂಡಿಗೆ 6 ಮೆಗಾಬಿಟ್ಟಿನ ಸಣ್ಣ ಪ್ರತಿಗಳನ್ನು ಬೇರೆ ಮಾಡಿದೆ. ಗಂಟೆಗೆ 13 ಜಿಬಿ ಇದ್ದದ್ದು 2.7 ಜಿಬಿ ಆಯಿತು. ಒಂಬತ್ತು ಟೇಪಿಗೆ 24 ಜಿಬಿ, 20 ಮೆಗಾಬಿಟ್ಟಿನ ಲೈನಿನಲ್ಲಿ ಮೂರು ಗಂಟೆ ಚಿಲ್ಲರೆ. ಹಾಡಿನ ಫೈಲನ್ನು ಎಲ್ಲಕ್ಕಿಂತ ಮೊದಲು, ಮೂಲದಲ್ಲಿ ಇದ್ದ ಹಾಗೇ ಕಳಿಸಿದೆವು. ಶನಿವಾರ ಬೆಳಗ್ಗೆ ಮೈಸೂರಿನಿಂದ ಮಗಳ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದ್ದರು. ಹಿಂದಿನಿಂದ ಅಜ್ಜಿಯ ಹಾಡು ಕೇಳಿಸುತ್ತಿತ್ತು. ಮಗಳು ಏನೂ ಮಾತಾಡಲಿಲ್ಲ, ಇತ್ತ ಅಮ್ಮನೂ ಮಾತಾಡಲಿಲ್ಲ. ಮೇಷ್ಟ್ರು ಎದ್ದು ಹೋಗಿ ಸೂಟ್‌ಕೇಸಿನ ಬೆಲ್ಟು ಬಿಗಿಯತೊಡಗಿದರು.

ದೊಡ್ಡ ಪ್ರತಿಗಳು ಎರಡು ಪೋರ್ಟಬಲ್ ಡಿಸ್ಕುಗಳಲ್ಲಿ ಹೋದವು. ಒಂದು ಮೇಷ್ಟ್ರ ಕೈಚೀಲದಲ್ಲಿ, ಇನ್ನೊಂದು ಅಮ್ಮನ ಕೈಚೀಲದಲ್ಲಿ. ಹಳೆಯ ಡಿಸ್ಕನ್ನು ಗುಜರಿಗೆ ಕೊಡದೆ ಮೈಸೂರಿನಿಂದ ಎಲ್ಲವೂ ಸರಿಯಾಗಿದೆ ಎಂಬ ಸುದ್ದಿ ಬರುವವರೆಗೆ ನನ್ನ ಮನೆಯ ಬೀರುವಿನಲ್ಲಿಟ್ಟಿದ್ದೆ.

ನಿಮ್ಮ ಮನೆಯ ಬೀರು

ವರ್ಗವಾಗಿಯೋ ನಿವೃತ್ತಿಯಾಗಿಯೋ ನಾವೆಲ್ಲ ಒಂದಲ್ಲ ಒಂದು ದಿನ ಮನೆ ಖಾಲಿ ಮಾಡುವವರೇ. ಹೊರಡುವ ವಾರದಲ್ಲಿ ಇದು ನೆನಪಾದರೆ ಬಹಳ ತಡ. ಕೆಲವು ಮಾತುಗಳನ್ನು ಗಮನದಲ್ಲಿಡಿ.

ಹಳೆಯ ಡಿಸ್ಕಿನ ಚೀಟಿಯ ಮೇಲಿನ ವೇಗ ನೋಡಿ ಸಮಯ ಲೆಕ್ಕ ಹಾಕಬೇಡಿ. ಸರಪಳಿಯಲ್ಲಿ ಡಿಸ್ಕು, ಅಡಾಪ್ಟರು, ಲೈನು ಎಂದು ಮೂರು ಕೊಂಡಿಗಳಿದ್ದರೆ ಎಲ್ಲವನ್ನೂ ಮೆಗಾಬಿಟ್ಟಿಗೆ ತನ್ನಿ. ಅತಿ ಸಣ್ಣದು ಯಾವುದೋ ಅದೇ ನಿಮ್ಮ ವೇಗ.

ಜಿಬಿಯನ್ನು 8000ದಿಂದ ಗುಣಿಸಿ, ಲೈನಿನ ಮೆಗಾಬಿಟ್ಟಿನಿಂದ ಭಾಗಿಸಿ, ಬಂದ ಸೆಕೆಂಡುಗಳಿಗೆ ಐದರಲ್ಲೊಂದು ಭಾಗ ಸೇರಿಸಿ. ಅದು ನಿಜಕ್ಕೆ ಹತ್ತಿರದ ಸಮಯ. ಕಳಿಸುವ ವೇಗ ಬರುವ ವೇಗಕ್ಕಿಂತ ಕಡಿಮೆ ಇರುವ ಲೈನುಗಳೂ ಉಂಟು. ಕಳಿಸುವಾಗ ನಿಮಗೆ ಬೇಕಾದದ್ದು ಕಳಿಸುವ ಅಂಕಿ, ಅದನ್ನೇ ಅಳೆದು ನೋಡಿ.

ಮೂರೂವರೆ ಇಂಚಿನ ಹಳೆಯ ಡಿಸ್ಕಿಗೆ 12 ವೋಲ್ಟಿನ ಬೇರೆ ಕರೆಂಟು ಬೇಕು. ಯುಎಸ್‌ಬಿ ತಂತಿಯ 5 ವೋಲ್ಟು ಸಾಲದು. ಅಡಾಪ್ಟರು ಕೊಳ್ಳುವಾಗ ಪವರ್ ಡಬ್ಬಿಯೂ ಜೊತೆಗಿದೆಯೇ ನೋಡಿ.

ಡಿಸ್ಕು ಟಿಕ್ ಟಿಕ್ ಎಂದರೆ ತೆರೆದು ಫೋಟೋ ನೋಡುತ್ತ ಕೂರಬೇಡಿ. ಮೊದಲು ಪೂರ್ತಿ ನಕಲು, ನೋಡುವುದೆಲ್ಲ ನಕಲಿನಲ್ಲಿ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಮ್ಮ ಕಸುಬಿನಲ್ಲಿ ಇದು ಹಳೆಯ ನಿಯಮ. ಮನೆಮಂದಿ ಎರಡು ದೇಶದಲ್ಲಿರುವ ನಮಗೆ ಬೇರೆ ಊರನ್ನು ಹುಡುಕಬೇಕಾಗಿಯೂ ಇಲ್ಲ.

ಮಿನಿಡಿವಿ ಕ್ಯಾಸೆಟ್ಟು ಇರುವವರು ಮಾತ್ರ ಇದೇ ವರ್ಷ ಆ ಕೆಲಸ ಮುಗಿಸಿಕೊಳ್ಳಿ. ಟೇಪು ಹಾಳಾಗುವ ಮುಂಚೆ ಅದನ್ನು ಓಡಿಸುವ ಕ್ಯಾಮೆರಾ ಹಾಳಾಗುತ್ತದೆ, ಫೈರ್‌ವೈರ್ ಕಿಂಡಿ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲವೇ ಇಲ್ಲ. ಆ ಕಿಂಡಿ ಇರುವ ಒಂದು ಹಳೆಯ ಲ್ಯಾಪ್‌ಟಾಪು, ಐಡಿಇ ಅಡಾಪ್ಟರು, ಅದರ ಪವರ್ ಡಬ್ಬಿ ಮೂರೂ ನನ್ನ ಬಳಿ ಇವೆ. ಕಿಲೆಲೆಶ್ವಾ, ಲ್ಯಾವಿಂಗ್ಟನ್, ವೆಸ್ಟ್‌ಲ್ಯಾಂಡ್ಸ್, ಪಾರ್ಕ್‌ಲ್ಯಾಂಡ್ಸ್ ಎಲ್ಲಿದ್ದರೂ ಸರಿ, ಬೇಕಾದವರು ಸಂಪಾದಕರ ಮೂಲಕ ತಿಳಿಸಿ, ವಾರಾಂತ್ಯದಲ್ಲಿ ತೆಗೆದುಕೊಂಡು ಬರುತ್ತೇನೆ. ಒಂದು ಟೇಪಿಗೆ ಒಂದು ಗಂಟೆ ಎಂಬುದು ನೆನಪಿರಲಿ, ಕಾಫಿಯ ಏರ್ಪಾಡು ಅದಕ್ಕೆ ತಕ್ಕಂತೆ ಇರಲಿ.